ಎರಡನೆಯ ಬಾಯಿ

ನಮ್ಮ ಊರಿನಲ್ಲಿ ಉಪ್ಪು ಕೊಡು ಅಂದರೆ ಕೇಳಿಸುತ್ತದೆ. ಬಸ್ಸು ಎಷ್ಟು ಹೊತ್ತಿಗೆ, ಮೇಕೆ ಎಲ್ಲಿ ಹೋಯಿತು, ನಿನ್ನ ಮೂತಿಗಿಷ್ಟು ಬೆಂಕಿ ಹಾಕ, ಇವೆಲ್ಲ ಚೆನ್ನಾಗಿಯೇ ಕೇಳಿಸುತ್ತವೆ. ನಂಬಿ ಹೇಳುವ ಮಾತಿಗೆ ಮಾತ್ರ ಒಂದು ಬಾಯಿ ಸಾಲದು. ಇದು ಅನ್ಯಾಯ, ನಾನು ನಿನ್ನವಳು, ದೇವರಿದ್ದಾನೆ, ಇಂಥ ಮಾತನ್ನು ಒಬ್ಬರೇ ಹೇಳಿದರೆ ತುಟಿ ಆಡುತ್ತದೆ, ಗಂಟಲ ನರ ಉಬ್ಬುತ್ತದೆ, ಶಬ್ದ ಹೊರಡುವುದಿಲ್ಲ. ಹತ್ತಿರದಲ್ಲೇ ಇನ್ನೊಂದು ಬಾಯಿ ಅದೇ ಮಾತನ್ನು ಅದೇ ಹೊತ್ತಿಗೆ ಹೇಳಬೇಕು. ಆಗ ಎರಡೂ ದನಿ ಒಟ್ಟಿಗೆ ಹೊರಬೀಳುತ್ತವೆ.

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಗಂಡ ಮಾಡಿದ್ದು ತಪ್ಪು ಅಂತ ಹೇಳಬೇಕಾದವಳು ಪಕ್ಕದ ಮನೆಯವಳನ್ನು ಮೊದಲೇ ಒಪ್ಪಿಸಿ ಕರೆತರುತ್ತಾಳೆ. ನಾಳೆ ಆಕೆಯ ಸರದಿಗೆ ಇವಳು ಹೋಗುತ್ತಾಳೆ. ಪ್ರೀತಿಸಿದ ಹುಡುಗ ಹುಡುಗಿಯರಲ್ಲಿ ಯಾರು ಮೊದಲು ಹೇಳಬೇಕು ಅನ್ನುವ ಫಜೀತಿ ಇಲ್ಲ. ಇಬ್ಬರೂ ಬಾಯಿ ತೆರೆಯುವ ತನಕ ಇಬ್ಬರಿಗೂ ಗೊತ್ತಾಗುವುದಿಲ್ಲ, ಅಷ್ಟೆ. ಉಳ್ಳವರು ಸಂಬಳ ಕೊಟ್ಟು ಜೊತೆಬಾಯಿ ಇಟ್ಟುಕೊಂಡಿರುತ್ತಾರೆ. ಜೊತೆಬಾಯಿಯ ಆಳು ಧಣಿಯ ಎಡಗಡೆ ನಿಂತು, ತುಟಿಯನ್ನೇ ನೋಡುತ್ತಾ, ಧಣಿ ಹೇಳಿದ್ದನ್ನೆಲ್ಲ ಜೊತೆಜೊತೆಗೇ ಹೇಳುತ್ತಾನೆ. ಅವನು ಅದನ್ನು ನಂಬಬೇಕು ಅಂತೇನಿಲ್ಲ, ಹೇಳಿದರೆ ಸಾಕು. ಹೀಗಾಗಿ ಮೇಲಿನ ಬೀದಿಯವರ ಸುಳ್ಳಿಗೂ ಸಿಡಿಲಿನಂಥ ದನಿ ಇದೆ, ನಮ್ಮ ಕೆಳಗಿನ ಬೀದಿಯವರ ನಿಜ ಗಂಟಲಲ್ಲೇ ಒಣಗುತ್ತದೆ.

ನಾನು ಸುವಾರ್ತಮ್ಮ. ಗೋಣಿಚೀಲ ಹೊಲಿಯುತ್ತೇನೆ. ಕೆಳಗಿನ ಬೀದಿಯ ತುದಿಯಲ್ಲಿ, ಊರಿನ ಕೊಳಕು ನೀರು ಬಂದು ನಿಲ್ಲುವ ಕಡೆ, ನಮ್ಮ ಪ್ರಾರ್ಥನಾ ಮಂದಿರವಿದೆ. ಹೆಂಚಿನ ಮಾಡು, ಮಣ್ಣಿನ ಗೋಡೆ, ಒಂದು ಮೇಜು, ಮೇಜಿನ ಮೇಲೆ ಹಿತ್ತಾಳೆಯ ಬಟ್ಟಲು. ಆ ಬಟ್ಟಲಿನ ವಿಷಯ ಹೇಳದೆ ನಾನು ಏಕೆ ಕ್ರೈಸ್ತಳು ಅಂತ ಹೇಳಲಾರೆ.

ನಮ್ಮಜ್ಜಿ ಕೆಂಪವ್ವ ಊರ ಬಾವಿಯಿಂದ ದೂರ ನಿಂತು ಬೊಗಸೆ ಒಡ್ಡಿ ನೀರು ಕುಡಿದವಳು. ಮುಟ್ಟಿದರೆ ಕೆಟ್ಟೇವು ಅಂತ ಎಷ್ಟು ಎತ್ತರದಿಂದ ಹುಯ್ಯುತ್ತಿದ್ದರೆಂದರೆ ಅರ್ಧ ನೀರು ಮೂಗಿಗೆ ಹೋಗುತ್ತಿತ್ತಂತೆ. ಹೀಗಿರುವಾಗ ಉಪದೇಶಿ ಯೋಬಯ್ಯ ಬಂದರು. ಅವರೇನು ನಮ್ಮ ಜನ ಅಲ್ಲ, ಬಾವಿಯ ಕಟ್ಟೆ ಮೇಲೆ ನಿಲ್ಲಬಹುದಾದ ಮನೆಯಲ್ಲಿ ಹುಟ್ಟಿದವರು. ಬೇವಿನ ಮರದ ಕೆಳಗೆ ಪ್ರಾರ್ಥನೆ ಮಾಡಿ, ಈ ಬಟ್ಟಲನ್ನು ಕೈಯಿಂದ ಕೈಗೆ ಕೊಟ್ಟರು. ಅಜ್ಜಿ ಕುಡಿದಳು. ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಅಂಚು ಒರೆಸದೆ, ಯೋಬಯ್ಯ ಕುಡಿದರು. ಅವತ್ತು ಅವರು ಹೇಳಿದ ಉಪದೇಶ ಅಜ್ಜಿಯ ತಲೆಗೆ ಒಂದೂ ಹೋಗಲಿಲ್ಲವಂತೆ. ಒರೆಸದ ಅಂಚು ಹೋಯಿತು. ಉಳಿದದ್ದನ್ನು ಆಮೇಲೆ ಕಲಿತಳು. ಛತ್ರದಲ್ಲಿ ಜಾಗ ಸಿಗದೆ ಕೊಟ್ಟಿಗೆಯಲ್ಲಿ ಹುಟ್ಟಿದವನು, ಊರ ಹೊರಗೆ ಶಿಲುಬೆಯ ಮೇಲೆ ಸತ್ತವನು, ಸತ್ತು ಎದ್ದವನು, ಊರ ಹೊರಗಿನವರ ವಿಳಾಸ ಅವನಿಗೆ ಚೆನ್ನಾಗಿ ಗೊತ್ತಿದೆ ಅಂತ ನನಗೆ ಹೇಳಿಕೊಟ್ಟವಳು ಅವಳೇ.

ಬಟ್ಟಲು ಎತ್ತುವಾಗ ನಮ್ಮ ಮಂದಿರದವರು ಹೇಳುತ್ತಿದ್ದ ಮಾತು ಇಷ್ಟು: ಒಬ್ಬನೇ ಕರ್ತ, ಒಂದೇ ಬಟ್ಟಲು, ಯಾರೂ ಹೊರಗಲ್ಲ. ನಾನು ಚಿಕ್ಕವಳಾಗಿದ್ದಾಗ ಬೀದಿಯ ಬೀದಿಯೇ ಕೂಡಿ ಇದನ್ನು ಹೇಳಿದರೆ ಮೇಲಿನ ಬೀದಿಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು.

ಆಮೇಲೆ ಒಬ್ಬೊಬ್ಬರೇ ಹೋದರು. ಕೆಲವರು ಕೂಲಿ ಹುಡುಕಿಕೊಂಡು ಊರೇ ಬಿಟ್ಟರು. ಕೆಲವರು ಊರಿನ ಕಡೆ ಸೇರಿಕೊಂಡರು. ಊರಿನ ಕಡೆ ಸೇರುವುದೆಂದರೆ ಊರಿನ ದೊಡ್ಡ ಪ್ರಮಾಣವನ್ನು ಎಲ್ಲರ ಜೊತೆ ನಿಂತು ಹೇಳುವುದು, ನಮ್ಮ ಮಂದಿರದ ಮೆಟ್ಟಿಲು ಮತ್ತೆ ಹತ್ತದಿರುವುದು. ಹಾಗೆ ಸೇರಿದವರಿಗೆ ಚಹಾದ ಅಂಗಡಿಯಲ್ಲಿ ಒಳಗಿನ ಬೆಂಚು, ಗಾಜಿನ ಲೋಟ. ಸೇರದವರಿಗೆ ಹೊರಗಿನ ಕಲ್ಲು, ತೆಂಗಿನ ಚಿಪ್ಪು. ನಮ್ಮ ಬಟ್ಟಲಿನ ಮಾತಿಗೆ ಜೊತೆ ಸೇರಿದ ಬಾಯಿ ಮೈಲಿಗೆಯಾದ ಬಾಯಿ, ಆ ಬಾಯಿಗೆ ಮತ್ತೆ ಗಾಜಿನ ಲೋಟ ಇಲ್ಲ. ಹೀಗಾಗಿ ಬಾಡಿಗೆಗೆ ಕೇಳಿದರೂ ನಮಗೆ ಒಂದು ಜೊತೆಬಾಯಿ ಸಿಗುತ್ತಿರಲಿಲ್ಲ.

ನನ್ನ ಜೊತೆ ಕೊನೆಗೆ ಉಳಿದವರು ಇಬ್ಬರು, ಮುದುಕ ಯೋಬಯ್ಯ ಮತ್ತು ನನ್ನ ಗೆಳತಿ ಮಾರ್ಥ. ಯೋಬಯ್ಯ ತೀರಿಕೊಂಡರು. ಮಳೆಗಾಲ ಮುಗಿಯುವಷ್ಟರಲ್ಲಿ ಮಾರ್ಥ ಊರಿನ ಕಡೆ ಹೋದಳು. ಹೋಗುವಾಗ ಅತ್ತಳು. ಮಕ್ಕಳು ಚಿಪ್ಪಿನಲ್ಲಿ ಕುಡಿಯುವುದನ್ನು ನೋಡಲಾರೆ ಅಂದಳು. ನಾನು ಅವಳನ್ನು ಬೈಯಲಿಲ್ಲ. ಬೈಯುವುದಿದ್ದರೆ ಚಿಪ್ಪು ಇಟ್ಟವರನ್ನು ಬೈಯಬೇಕು.

ಅಲ್ಲಿಂದ ನಾನು ಒಬ್ಬಳೇ. ದಿನಾ ಹೊತ್ತು ಮೂಡುವಾಗ ಬೀಗ ತೆಗೆದು, ಗುಡಿಸಿ, ಬಟ್ಟಲಿಗೆ ನೀರು ತುಂಬುತ್ತಿದ್ದೆ. ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನ ಕೊಡುವ ಅಧಿಕಾರ ನನಗಿಲ್ಲ, ಬರೀ ನೀರು. ಎತ್ತಿ ಹಿಡಿದು ಮಾತು ಹೇಳುತ್ತಿದ್ದೆ. ಏನೂ ಕೇಳಿಸುತ್ತಿರಲಿಲ್ಲ. ಹಾಡುತ್ತಿದ್ದೆ, ಹಲ್ಲಿ ಲೊಚಗುಟ್ಟಿದ್ದು ಕೇಳಿಸುತ್ತಿತ್ತು. ಒಂದು ಭಾನುವಾರ ಹೀಗೆ ಬಾಯಿ ತೆರೆದು ಮುಚ್ಚುತ್ತಾ ನಿಂತಿದ್ದಾಗ ನನ್ನ ಸ್ಥಿತಿಗೆ ನನಗೇ ನಗು ಬಂತು. ನಗು ಕೇಳಿಸಿತು. ನಗು ಅಳುವಾಯಿತು, ಅದೂ ಕೇಳಿಸಿತು. ಪ್ರಾರ್ಥನೆ ಮಾತ್ರ ಕೇಳಿಸಲಿಲ್ಲ. ಇಷ್ಟು ಜನ ಒಂದು ಕಡೆ, ನಾನೊಬ್ಬಳು ಒಂದು ಕಡೆ, ಹುಚ್ಚು ಯಾರಿಗೆ ಹಿಡಿದಿದೆ ಅಂತ ಅವತ್ತು ಮೊದಲ ಸಲ ಅನುಮಾನ ಬಂತು.

ಅದೇ ಹೊತ್ತಿಗೆ ಯಜಮಾನರು ಬಂದರು. ಊರಿನ ಸಭೆಯ ಯಜಮಾನ ತಿಮ್ಮರಾಜಪ್ಪನವರು ನಮ್ಮ ಬೀದಿಗೆ ಕಾಲಿಟ್ಟದ್ದೇ ಒಂದು ಸುದ್ದಿ. ಎಡಗಡೆ ಅವರ ಜೊತೆಬಾಯಿ ದಾಸಪ್ಪ. ಊರಿನಲ್ಲೇ ಒಳ್ಳೆಯ ಕಂಠ ಅವನದು. ಅನಾಥ ಹುಡುಗನನ್ನು ಕಂಠ ನೋಡಿಯೇ ಯಜಮಾನರ ಮನೆಯವರು ಸಾಕಿಕೊಂಡಿದ್ದರು. ಈಗ ಅವನಿಗೆ ಕಿವಿಯ ಹತ್ತಿರ ಬೆಳ್ಳಗಾಗಿತ್ತು.

ಯಜಮಾನರು ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು, ಮಾಡು ಎಷ್ಟು ಎತ್ತರವಿದೆ, ಒಳಗೆ ಹತ್ತಿಯ ಮೂಟೆ ಎಷ್ಟು ಹಿಡಿಯುತ್ತದೆ ಅಂತ ಕಣ್ಣಲ್ಲೇ ಅಳೆದರು. ಆಮೇಲೆ ನನಗೆ ಸಭೆಯ ಕಟ್ಟಳೆ ನೆನಪಿಸಿದರು. ಯಾವ ದೇವರ ಮನೆಯ ಮಾತು ಊರಿಗೆ ಕೇಳಿಸುವುದು ನಿಂತಿತೋ ಅದು ಸತ್ತ ಮನೆ, ಅದರ ಬೀಗದ ಕೈ ಸಭೆಗೆ ಸೇರಬೇಕು. ಬರುವ ಸಂತೆಯ ಹಿಂದಿನ ದಿನ ಸಭೆಯ ಕಟ್ಟೆಯ ಮುಂದೆ ನಿಂತು ನಮ್ಮ ಮನೆಯ ಮಾತನ್ನು ನಾನು ಕೇಳಿಸಬೇಕು. ಕೇಳಿಸಿದರೆ ಮಂದಿರ ನಮ್ಮದು, ಇಲ್ಲದಿದ್ದರೆ ಗೋದಾಮು.

"ಒಬ್ಳೇ ಹೆಂಗೆ ಕೇಳುಸ್ತೀಯ, ಸುವಾರ್ತಿ?" ಅಂದರು. ಅದು ಅವರ ಒಂಟಿ ದನಿ. ಮುಂದಿನದು ಇಬ್ಬರ ದನಿಯಲ್ಲಿ ಬಂತು. "ನಿನ್ನ ಒಳ್ಳೇದಕ್ಕೇ ಹೇಳ್ತೀವಿ. ಊರಿನ ಪ್ರಮಾಣಕ್ಕೆ ಬಾ. ಎಲ್ರ ಜೊತೆ ಬಾಯಿ ತೆಗಿ. ನಿಂಗೂ ದನಿ ಬತ್ತದೆ."

ಇಲ್ಲಿ ದೇವರಿಲ್ಲ ಅಂತಲೂ ಏನೋ ಹೇಳಲು ಹೊರಟರು. ತುಟಿ ನೋಡಿದರೆ ಹಾಗೇ ಕಂಡಿತು. ಆದರೆ ದಾಸಪ್ಪನಿಗೆ ಅದೇ ಹೊತ್ತಿಗೆ ಕೆಮ್ಮು ಬಂದು ಮಾತು ಗಾಳಿಗೆ ಹೋಯಿತು. ಯಜಮಾನರು ಅವನನ್ನು ದುರುಗುಟ್ಟಿ ನೋಡಿದರು. "ಗೋಣಿಯ ಧೂಳು, ಬುದ್ಧಿ," ಅಂದ ಅವನು.

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಗಾಜಿನ ಲೋಟದ ಆಸೆಯಲ್ಲ. ನನ್ನ ದನಿ ಹೇಗಿದೆ ಅನ್ನುವುದೇ ನನಗೆ ಮರೆತುಹೋಗುತ್ತಿತ್ತು. ಪ್ರಮಾಣದ ದಿನ ಊರೆಲ್ಲ ಕೂಡಿ ಹೇಳುವಾಗ ನೆಲ ನಡುಗುತ್ತದೆ, ಆ ನಡುಕ ನಮ್ಮ ಬೀದಿಯ ತನಕ ಬರುತ್ತದೆ. ಅದರಲ್ಲಿ ಒಂದು ಹನಿಯಾದರೂ ನಾನಾಗಬಾರದೇ ಅನ್ನಿಸಿತು.

ಮಾರ್ಥ ಹಿತ್ತಿಲ ಕಡೆಯಿಂದ ಬಂದು ಅದನ್ನೇ ಹೇಳಿದಳು. "ಅಕ್ಕಾ, ಸುಮ್ನೆ ಬಾಯಿ ಆಡ್ಸು ಸಾಕು. ಒಳಗೆ ಯಾರನ್ ಇಟ್ಕಂಡಿದೀಯ ಅಂತ ಯಾರ್ ಬಗ್ದು ನೋಡ್ತಾರೆ?"

"ನೀನು ಒಳಗೆ ಯಾರನ್ ಇಟ್ಕಂಡಿದೀಯ?" ಅಂತ ಕೇಳಿದೆ.

ಅವಳು ಉತ್ತರ ಹೇಳಿದಳು. ತುಟಿ ಆಡಿತು, ಶಬ್ದ ಬರಲಿಲ್ಲ. ನಾನು ಓದಿಕೊಳ್ಳುವ ಮೊದಲೇ ಸೆರಗು ಬಾಯಿಗೆ ಅಡ್ಡ ಹಿಡಿದು ಹೊರಟುಹೋದಳು.

ಬೀಗದ ಕೈಯನ್ನು ಕೊಟ್ಟುಬಿಡೋಣ ಅಂತಲೇ ಮರುದಿನ ಮಂದಿರದಲ್ಲಿ ಕುಳಿತಿದ್ದೆ. ಆಗ ಯೋಬಯ್ಯನವರ ಕೊನೆಯ ದಿನಗಳು ನೆನಪಾದವು. ಪಾರ್ಶ್ವವಾಯು ಹೊಡೆದು ಅವರಿಗೆ ಮಾತೇ ನಿಂತುಹೋಗಿತ್ತು. ನೀರು ಅಂತ ಕೇಳಲೂ ದನಿ ಇರಲಿಲ್ಲ. ಬೆಳಿಗ್ಗೆ ಅವರ ತುಟಿ ಆಡುವುದನ್ನು ನೋಡಿ, ಪ್ರಾರ್ಥನೆ ಮಾಡುತ್ತಿದ್ದಾರೆ ಅಂತ ತಿಳಿದು ನಾನು ಸುಮ್ಮನೆ ಕಾಯುತ್ತಿದ್ದೆ. ದನಿ ಇಲ್ಲ, ಆದ್ದರಿಂದ ಇದು ಪ್ರಾರ್ಥನೆ ಅಲ್ಲ ಅಂತ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಗೋಣಿ ಹೊಲಿಯುವ ಹೆಂಗಸು ನಾನು ಬರೀ ತುಟಿ ನೋಡಿ ತಿಳಿದುಕೊಂಡೆ. ಗಂಟಲನ್ನು ಮಾಡಿದವನಿಗೆ ತಿಳಿಯುವುದಿಲ್ಲವೇ? ಕೇಳಿಸದೆ ಇದ್ದದ್ದು ಊರಿಗೆ. ಊರಿನ ಕಿವಿಯನ್ನೇ ದೇವರ ಕಿವಿ ಅಂದುಕೊಂಡು ಎಷ್ಟು ದಿನದಿಂದ ಅಳುತ್ತಿದ್ದೆ ನಾನು!

ಎದ್ದು ನಿಂತೆ. ಬಟ್ಟಲು ಎತ್ತಿ ಮಾತು ಹೇಳಿದೆ. ಎಂದಿನಂತೆ ಏನೂ ಕೇಳಿಸಲಿಲ್ಲ. ಆ ಕೇಳಿಸದ ಮಾತು ನನ್ನ ಬಾಯಲ್ಲಿ ಬೆಲ್ಲದ ಹಾಗೆ ಕರಗಿತು. ಮಂದಿರ ಹೋದರೆ ಹೋಗಲಿ, ಹತ್ತಿಯ ಮೂಟೆಗಳ ಮುಂದೆ ನಿಂತಾದರೂ ಹೇಳುತ್ತೇನೆ ಅಂದುಕೊಂಡೆ. ನಾನು ಗೆದ್ದದ್ದು ಅವತ್ತೇ. ಮುಂದೆ ಆದದ್ದನ್ನು ಊರು ನೋಡಿತು, ಅಷ್ಟೆ.

ಸಂತೆಯ ಹಿಂದಿನ ದಿನ ಬೆಳಿಗ್ಗೆ ಹಿತ್ತಾಳೆ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ನೀರು ತುಂಬಿ, ಎದೆಗೆ ಹಿಡಿದುಕೊಂಡು ಮೇಲಿನ ಬೀದಿ ಹತ್ತಿದೆ. ಸಭೆಯ ಕಟ್ಟೆಯ ಮೇಲೆ ಯಜಮಾನರ ಜೊತೆ ತೀರ್ಪಿಗೆ ಕೂರುವ ಸಭಿಕರು, ಒಬ್ಬೊಬ್ಬರ ಎಡಗಡೆ ಒಬ್ಬೊಬ್ಬ ಜೊತೆಬಾಯಿ. ಕೆಳಗೆ ಜನ. ಕಡಲೆಕಾಯಿ ತಿನ್ನುತ್ತಾ ಕೂತಿದ್ದರು, ಒಬ್ಬಳ ಗಂಟಲು ಬತ್ತುವುದನ್ನು ನೋಡಲು. ಹೆಂಗಸರ ಸಾಲಿನಲ್ಲಿ ಮಾರ್ಥ ಇದ್ದಳು. ನನ್ನ ಕಡೆ ನೋಡಲಿಲ್ಲ.

ಬಟ್ಟಲು ಎತ್ತಿದೆ. ಹೇಳಿದೆ. ನಿಶ್ಶಬ್ದ.

ಮತ್ತೆ ಹೇಳಿದೆ. ಹಿಂದಿನಿಂದ ಒಬ್ಬ, "ಸುವಾರ್ತಕ್ಕ ಮೀನಾಗವ್ಳೆ ಕಣ್ರೋ, ಕೆರೆಗ್ ಬುಟ್ಬುಡಿ" ಅಂದ. ಜನ ನಕ್ಕರು. ನಗುವುದಕ್ಕೆ ಜೊತೆ ಬೇಕಿಲ್ಲವಲ್ಲ. ಇನ್ನೊಬ್ಬ, ಬಟ್ಟಲು ಹಿತ್ತಾಳೆಯದೋ ಚಿನ್ನದ್ದೋ ನೋಡ್ರಪ್ಪ, ಅದನ್ನಾದರೂ ಹರಾಜು ಹಾಕೋಣ ಅಂದ. ನಾನು ಬಟ್ಟಲು ಇಳಿಸಲಿಲ್ಲ. ಹೇಳುತ್ತಲೇ ಇದ್ದೆ. ನನ್ನ ಲೆಕ್ಕದಲ್ಲಿ ನಾನು ಆ ಜನರಿಗೆ ಕೇಳಿಸಲು ಹೇಳುತ್ತಿರಲಿಲ್ಲ.

ಯಜಮಾನರಿಗೆ ಸಾಕಾಯಿತು. ಎದ್ದು ನಿಂತು ಸಭೆಯ ತೀರ್ಪು ಹೇಳಲು ಬಾಯಿ ತೆರೆದರು. ದಾಸಪ್ಪ ಎಡಗಡೆ ಒಂದು ಹೆಜ್ಜೆ ಮುಂದೆ ಬಂದ. "ಕೆಳಗಿನ ಬೀದಿಯ ಪ್ರಾರ್ಥನಾ ಮಂದಿರವು" ಅನ್ನುವ ತನಕ ಇಬ್ಬರ ದನಿಯೂ ಗಂಟೆಯ ಹಾಗೆ ಮೊಳಗಿತು. ಆಮೇಲೆ ಯಜಮಾನರ ತುಟಿ ಆಡಿತು. ಕೈ ಆಡಿತು. ಬೆರಳು ನನ್ನ ಕಡೆ ಬಂತು. ಶಬ್ದ ಮಾತ್ರ ಇಲ್ಲ.

ಅದೇ ಹೊತ್ತಿಗೆ ಎಲ್ಲಿಂದಲೋ ಒಬ್ಬ ಹೆಂಗಸಿನ ದನಿ ಕೇಳಿಸಿತು. ಒಡಕು ದನಿ, ಬಹಳ ದಿನ ಬೀಗ ಹಾಕಿದ್ದ ಬಾಗಿಲು ತೆರೆದ ಹಾಗೆ. ಯಾರಪ್ಪಾ ಇದು ಅಂತ ನಾನೂ ಎಲ್ಲರ ಹಾಗೆ ಅತ್ತಿತ್ತ ನೋಡಿದೆ. ಒಬ್ಬನೇ ಕರ್ತ, ಅಂದಿತು ಆ ದನಿ. ಒಂದೇ ಬಟ್ಟಲು, ಅಂದಿತು. ಯಾರೂ ಹೊರಗಲ್ಲ ಅನ್ನುವ ಹೊತ್ತಿಗೆ ನನ್ನ ಎದೆಗೂಡು ನಡುಗಿ, ಅದು ನನ್ನದೇ ದನಿ ಅಂತ ತಿಳಿಯಿತು. ಅದರ ಬೆನ್ನಿಗೆ ಅಂಟಿಕೊಂಡು ಇನ್ನೊಂದು ದನಿ, ಊರಿನಲ್ಲೇ ಒಳ್ಳೆಯ ಕಂಠ. ದಾಸಪ್ಪ ಯಜಮಾನರ ತುಟಿ ಬಿಟ್ಟು ನನ್ನ ತುಟಿ ನೋಡುತ್ತಿದ್ದ. ನೋಡುವ ಅಗತ್ಯವೂ ಅವನಿಗಿರಲಿಲ್ಲ. ಮಾತು ಅವನಿಗೆ ಬಾಯಿಪಾಠವಾಗಿತ್ತು.

ಯಜಮಾನರು ಅವನ ಭುಜ ಹಿಡಿದು ಅಲ್ಲಾಡಿಸಿದರು. ಉಳಿದ ಸಭಿಕರ ಕಡೆ ತಿರುಗಿ ಜೊತೆ ಸೇರಿ ಅಂತ ಸನ್ನೆ ಮಾಡಿದರು. ಸಭಿಕರಿಗೆ ಸೇರಲು ಬರಲಿಲ್ಲ. ತುಟಿ ನೋಡುವ ಕೆಲಸವನ್ನೆಲ್ಲ ಆಳುಗಳಿಗೆ ಬಿಟ್ಟು ಬದುಕಿದವರು, ಇನ್ನೊಬ್ಬರ ಮುಖ ನೋಡಿ ಮಾತು ತಿಳಿಯುವುದು ಅವರಿಗೆ ಗೊತ್ತೇ ಇರಲಿಲ್ಲ. ಒಬ್ಬರು ಮಂದಿರವು ಅಂದರು, ಒಬ್ಬರು ಗೋದಾಮು ಅಂದರು, ಒಂದಕ್ಕೊಂದು ಕೂಡದೆ ಯಾವುದೂ ಹೊರಡಲಿಲ್ಲ. ಬಾಯಿಗಳು ಮಾತ್ರ ತೆರೆದು ಮುಚ್ಚಿದವು. ಅವರ ಜೊತೆಬಾಯಿಗಳಿಗೆ ಓದಲು ಬರುತ್ತಿತ್ತು. ಅವರು ಓದಲಿಲ್ಲ. ಎಲ್ಲರೂ ದಾಸಪ್ಪನನ್ನೇ ನೋಡುತ್ತಾ ತುಟಿ ಬಿಗಿದು ನಿಂತುಬಿಟ್ಟಿದ್ದರು.

ಹೆಂಗಸರ ಸಾಲಿನಲ್ಲಿ ಗದ್ದಲವಾಯಿತು. ಮಾರ್ಥ ಎದ್ದು ನಿಂತಿದ್ದಳು. ಅವಳ ಅತ್ತೆ ಸೆರಗು ಹಿಡಿದು ಎಳೆಯುತ್ತಿದ್ದಳು. ಸೆರಗನ್ನು ಅತ್ತೆಯ ಕೈಯಲ್ಲೇ ಬಿಟ್ಟು, ಮಾರ್ಥ ಬಾಯಿ ತೆರೆದಳು. ಈ ಸಲ ಮಾತು ಮೂರು ದನಿಯಲ್ಲಿ ಹೊರಟಿತು. ಅದನ್ನು ಕೇಳಿದವರು ಈಗಲೂ ಹೇಳುತ್ತಾರೆ, ಚಹಾದ ಅಂಗಡಿಯ ಗಾಜಿನ ಲೋಟಗಳೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವಂತೆ.

ಕೇಳಿಸದ ತೀರ್ಪು ತೀರ್ಪಲ್ಲ, ಇದೂ ಅವರದೇ ಕಟ್ಟಳೆ. ಕೇಳಿಸಿದ ಮನೆ ಸತ್ತ ಮನೆ ಅಲ್ಲ, ಅದೂ ಅವರದೇ. ನಾನು ಒಂದು ಗುಟುಕು ಕುಡಿದು ಬಟ್ಟಲನ್ನು ದಾಸಪ್ಪನ ಕೈಗೆ ಕೊಟ್ಟೆ. ಅವನು ಸಭೆಯ ಕಟ್ಟೆಯ ಮೇಲೆಯೇ, ಎಲ್ಲರ ಕಣ್ಣೆದುರು, ಅಂಚು ಒರೆಸದೆ ಕುಡಿದು, ಕಟ್ಟೆಯ ಬುಡಕ್ಕೆ ಬಂದು ನಿಂತಿದ್ದ ಮಾರ್ಥಳಿಗೆ ಕೊಟ್ಟ. ಕುಡಿದ ಬಾಯಿ ಇನ್ನು ಯಾವ ಧಣಿಗೂ ಆಗದ ಬಾಯಿ. ಅದು ಅವನಿಗೆ ಗೊತ್ತಿತ್ತು. ತಲೆಯ ಮೇಲಿದ್ದ ಸಭೆಯ ರುಮಾಲನ್ನು ಬಿಚ್ಚಿ, ಮಡಚಿ, ಯಜಮಾನರ ಕುರ್ಚಿಯ ಮೇಲಿಟ್ಟು ಇಳಿದು ಬಂದ.

ಕೆಳಗಿನ ಬೀದಿಗೆ ಬರುವ ದಾರಿಯಲ್ಲಿ ಅವನಿಗೆ ಈ ಮಾತು ಯಾರು ಕಲಿಸಿದರು ಅಂತ ಕೇಳಿದೆ. ಅವನ ತಾಯಿ ನಮ್ಮ ಮಂದಿರದವಳಂತೆ. ಅವನಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಯೇಸುದಾಸ. ತಾಯಿ ಸತ್ತ ಮೇಲೆ ಯಜಮಾನರ ಮನೆಯವರು ಹೆಸರಿನ ಅರ್ಧ ಕತ್ತರಿಸಿ ಉಳಿದರ್ಧಕ್ಕೆ ಅಪ್ಪ ಸೇರಿಸಿದರು.

"ನಾನೂ ದಿನಾ ಹೇಳ್ತಿದ್ದೆ, ಅಕ್ಕ," ಅಂದ. "ಮಧ್ಯಾಹ್ನದ ಬಿಡುವಲ್ಲಿ, ನಿಮ್ಮ ಮಂದಿರದ ಹಿಂದಿನ ಗೋಡೆ ಪಕ್ಕ ಬಂದು ನಿಂತ್ಕಂಡು. ನೀವು ಹೊತ್ತು ಮೂಡೋವಾಗ ಹೇಳ್ತೀರಿ ಅಂತ ಗೊತ್ತಿತ್ತು. ಆಗ ಬಂದ್ರೆ ಎಲ್ಲಿ ಕೇಳುಸ್ಬುಡ್ತದೋ ಅಂತ ಭಯ."

ನಾನು ರಸ್ತೆಯ ಮಧ್ಯೆ ನಿಂತುಬಿಟ್ಟೆ. ಒಂದೇ ಗೋಡೆಯ ಒಳಗೆ ನಾನು, ಹೊರಗೆ ಅವನು. ಒಂದೇ ಮಾತು. ನನಗೆ ಲೋಕದಲ್ಲಿ ನಾನೊಬ್ಬಳೇ ಅನ್ನುವ ದುಃಖ, ಅವನಿಗೆ ಎಲ್ಲಿ ಕೇಳಿಸೀತೋ ಅನ್ನುವ ಭಯ. ನಾವು ಒಂಟಿಯಾಗಿದ್ದೆವು ಅಂತ ಯಾರು ಹೇಳಿದರು? ಹೆದರಿಸಿ ನಮ್ಮ ಹೊತ್ತುಗಳನ್ನು ಬೇರೆ ಬೇರೆ ಮಾಡಿದ್ದರು. ಈ ಊರಿನ ಮೌನವನ್ನು ನೋಡಿ ಇಲ್ಲಿ ಯಾರೂ ಇಲ್ಲ ಅಂತ ನಂಬಿದ್ದೇ ನಾನು ಮೋಸಹೋದದ್ದು.

ದಾಸಪ್ಪ, ಅಲ್ಲ, ಯೇಸುದಾಸ ಈಗ ನನ್ನ ಜೊತೆ ಗೋಣಿ ಹೊಲಿಯುತ್ತಾನೆ. ಹೊಲಿಗೆ ಕೆಟ್ಟದಾಗಿದೆ, ವ್ಯಾಪಾರಿಗಳು ಬೈಯುತ್ತಾರೆ. ಮಾರ್ಥಳ ಮಕ್ಕಳಿಗೆ ಮತ್ತೆ ಚಿಪ್ಪು ಬಂತು. ದೊಡ್ಡವಳು ಚಿಪ್ಪನ್ನು ಅಂಗಡಿಯವನ ಮುಂದೆಯೇ ಕಲ್ಲಿಗೆ ಕುಕ್ಕಿ ಒಡೆದು, ಚಹಾ ಬಿಟ್ಟಿದ್ದಾಳೆ. ಈಗ ಮಂದಿರದ ಜಗಲಿಯ ಮೇಲೆಯೇ ನಮ್ಮ ಬೀದಿಯ ಚಹಾ ಕುದಿಯುತ್ತದೆ. ಭಾನುವಾರ ನಾವು ಹಾಡಿದರೆ ಮೇಲಿನ ಬೀದಿಯಲ್ಲಿ ಕಿಟಕಿ ಹಾಕುವ ಸದ್ದು ಕೇಳಿಸುತ್ತದೆ. ಅದನ್ನು ಕೇಳುವುದು ನನಗೆ ಇಷ್ಟ.

ಉಳಿದ ದಿನ ನನಗೆ ಇನ್ನೊಂದು ಕೆಲಸವಿದೆ. ಚೀಲದ ಕಟ್ಟು ತಲೆಯ ಮೇಲೆ ಹೊತ್ತು ಊರೆಲ್ಲ ತಿರುಗುವಾಗ ಆ ಮಾತು ಹೇಳುತ್ತಾ ಹೋಗುತ್ತೇನೆ. ಬೇಕೆಂದೇ ಒಬ್ಬಳೇ ಹೋಗುತ್ತೇನೆ. ಇವತ್ತು ಹೊತ್ತು ಮೂಡುವಾಗ, ನಾಳೆ ನೆತ್ತಿ ಸುಡುವಾಗ, ನಾಡಿದ್ದು ದೀಪ ಹಚ್ಚುವಾಗ. ಯಾರ ಹೊತ್ತು ಯಾವುದೋ ನನಗೇನು ಗೊತ್ತು? ಹೆಚ್ಚಿನ ದಿನ ನನ್ನ ತುಟಿ ಮಾತ್ರ ಆಡುತ್ತದೆ, ಎದುರು ಬಂದವರು ನಗುತ್ತಾರೆ. ನಗಲಿ.

ಮೊನ್ನೆ ಮಧ್ಯಾಹ್ನ, ಬೀದಿಯಲ್ಲಿ ನರಪಿಳ್ಳೆ ಇಲ್ಲದ ಹೊತ್ತಿನಲ್ಲಿ, ಯಜಮಾನ ತಿಮ್ಮರಾಜಪ್ಪನವರ ದೊಡ್ಡ ಮನೆಯ ಗೋಡೆಯ ಪಕ್ಕ ಹೋಗುತ್ತಿದ್ದೆ. ಅಡುಗೆಮನೆಯ ಕಡೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಒಬ್ಬನೇ ಕರ್ತ ಅಂದೆ, ನನ್ನ ದನಿ ನನ್ನ ಕಿವಿಗೆ ಬಿತ್ತು. ಅದರ ಜೊತೆ ಗೋಡೆಯ ಆ ಕಡೆಯಿಂದ ಮತ್ತೊಂದು ದನಿ, ತನ್ನ ಸದ್ದಿಗೆ ತಾನೇ ಬೆಚ್ಚಿ ಅಲ್ಲೇ ನಿಂತುಹೋಯಿತು. ಪಾತ್ರೆಯೊಂದು ಕೆಳಗೆ ಬಿತ್ತು. ನಾನು ಕತ್ತೆತ್ತಿ ನೋಡಲಿಲ್ಲ. ಯಾವ ಕಿಟಕಿ, ಯಾರ ಬಾಯಿ ಅಂತ ನನಗೆ ಬೇಕಿರಲಿಲ್ಲ. ಚೀಲದ ಕಟ್ಟನ್ನು ಇಳಿಸಿ, ಸುಸ್ತಾದವಳ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಒಂದೇ ಬಟ್ಟಲು ಅಂದೆ. ಶಬ್ದ ಬರಲಿಲ್ಲ. ಮತ್ತೆ ಅಂದೆ. ಬರಲಿಲ್ಲ. ಅವಸರವೇನೂ ಇರಲಿಲ್ಲ ನನಗೆ, ಬಿಸಿಲು ಇಳಿಯುವ ತನಕ ಬೇಕಾದರೂ ಕೂರಬಹುದಿತ್ತು. ಅಷ್ಟು ಹೊತ್ತು ಬೇಕಾಗಲಿಲ್ಲ. ಯಾರೂ ಹೊರಗಲ್ಲ ಅಂತ ನಾನು ಹೇಳುವಾಗ, ಯಜಮಾನರ ಅಡುಗೆಮನೆಯ ಒಳಗಿನಿಂದ ಅದೇ ಮಾತು ನನಗಿಂತ ಗಟ್ಟಿಯಾಗಿ ಹೊರಟಿತು.